ವಯಸ್ಸಾದವರ ಮೊಣಕೈ ಮುರಿದಾಗ: ಆಪರೇಷನ್ನೋ, ಪಟ್ಟಿಯೋ, ಬರೀ ಜೋಳಿಗೆಯೋ?

ಎಕ್ಸ್-ರೇ ನೋಡಿದ ಡಾಕ್ಟರು "ಆಪರೇಷನ್ ಮಾಡಬಹುದು, ಮಾಡದೆಯೂ ನೋಡಿಕೊಳ್ಳಬಹುದು, ನೀವೇ ಯೋಚನೆ ಮಾಡಿ" ಎಂದಾಗ ಮನೆಯವರು ಗಲಿಬಿಲಿಯಾಗುತ್ತಾರೆ. ಬೆಂಗಳೂರಲ್ಲಿರುವ ಮಗ ಫೋನಿನಲ್ಲೇ "ಖರ್ಚು ಎಷ್ಟಾದರೂ ಆಗಲಿ, ಆಪರೇಷನ್ ಮಾಡಿಸಿಬಿಡಿ" ಎನ್ನುತ್ತಾನೆ. ಬಿದ್ದು ಕೈ ಮುರಿದುಕೊಂಡ ಅಜ್ಜಿ "ಈ ವಯಸ್ಸಲ್ಲಿ ಕೊಯ್ಯೋದೆಲ್ಲ ಬೇಡ" ಎಂದು ಹಟ ಹಿಡಿಯುತ್ತಾರೆ. ಇಬ್ಬರ ಮಾತಿನಲ್ಲೂ ಅರ್ಥವಿದೆ. ನಡುವೆ ಸಿಕ್ಕಿಕೊಳ್ಳುವುದು ಜೊತೆಗಿದ್ದು ನೋಡಿಕೊಳ್ಳುವ ಸೊಸೆಯೋ ಮಗಳೋ.

ನಾನು ಶಿವಮೊಗ್ಗದಲ್ಲಿ ಫಿಸಿಯೋಥೆರಪಿ ಕೆಲಸ ಮಾಡುವವಳು. ಆಪರೇಷನ್ ಆದ ಮೊಣಕೈಗಳೂ ಆಗದ ಮೊಣಕೈಗಳೂ ಕೊನೆಗೆ ನಮ್ಮ ಕೈಗೆ ಬರುತ್ತವೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಎಪ್ಪತ್ತು, ಎಪ್ಪತ್ತೈದು ದಾಟಿದವರಲ್ಲಿ ಮೊಣಕೈ ಮುರಿತಕ್ಕೆ ಆಪರೇಷನ್ ಇಲ್ಲದ ದಾರಿ ಎಷ್ಟೋ ಸಲ ಒಳ್ಳೆಯ ದಾರಿಯೇ. ಅದನ್ನು ಬಡವರ ಚಿಕಿತ್ಸೆ, ಕೈಬಿಟ್ಟ ಕೇಸಿನ ಚಿಕಿತ್ಸೆ ಎಂದು ತಿಳಿಯಬೇಡಿ. ಹಾಗೆಂದು ಸುಮ್ನೆ ಕಟ್ಟಿ ಬಿಟ್ಟರೆ ಆಯಿತು ಎಂದೂ ಅಲ್ಲ. ಅದರಲ್ಲಿ ಮನೆಯವರ ಕೆಲಸ ಜಾಸ್ತಿ. ಆ ಕೆಲಸ ಮಾಡಲು ಮನೆಯಲ್ಲಿ ಯಾರಿದ್ದಾರೆ ಎನ್ನುವುದೂ ಈ ತೀರ್ಮಾನದ ಒಂದು ಭಾಗ.

ಬಿದ್ದ ಕೂಡಲೇ

ಚಿಕಿತ್ಸೆ ಯಾವುದೇ ಇರಲಿ, ಮೊದಲು ಆ ಕೈಯ ಬಳೆ, ಉಂಗುರ, ವಾಚು ತೆಗೆಯಿರಿ. ಚಿನ್ನದ ಬಳೆ ಜಾರದಿದ್ದರೆ ಸೋಪು ನೀರು ಹಾಕಿ ತೆಗೆಯಿರಿ. ಗಾಜಿನ ಬಳೆಯನ್ನು ಬಟ್ಟೆ ಸುತ್ತಿ ಹುಷಾರಾಗಿ ಒಡೆಯಿರಿ. ಸ್ವಲ್ಪ ಹೊತ್ತಿಗೇ ಕೈ ಊದಿಕೊಳ್ಳುತ್ತದೆ. ಆಮೇಲೆ ಉಂಗುರ ಬೆರಳನ್ನೇ ಬಿಗಿಯುತ್ತದೆ. ಕೆಲವು ಅಜ್ಜಿಯರು ಬಳೆ ತೆಗೆಯಲು ಒಪ್ಪುವುದಿಲ್ಲ. "ಇನ್ನೊಂದು ಕೈಯಲ್ಲಿ ಇದೆಯಲ್ಲ, ಇದು ವಾಸಿಯಾದ ಮೇಲೆ ಮತ್ತೆ ಹಾಕಿಕೊಳ್ಳಿ" ಎಂದು ಸಮಾಧಾನವಾಗಿ ಹೇಳಿದರೆ ಒಪ್ಪುತ್ತಾರೆ.

ಕೈ ಹೇಗಿದೆಯೋ ಹಾಗೇ ಆಧಾರ ಕೊಡಿ. ಎಳೆದು ನೇರ ಮಾಡಲು ಹೋಗಬೇಡಿ. ನಮ್ಮ ಕಡೆ ಮನೆಯಲ್ಲಿ ಅಡಿಕೆ ಹಾಳೆ ಇದ್ದೇ ಇರುತ್ತದೆ. ಒಳಗೆ ಮೆತ್ತನೆಯ ಬಟ್ಟೆ ಹಾಸಿ, ಮುಂಗೈ ಕೆಳಗೆ ಹಾಳೆ ಕೊಟ್ಟು, ಸಡಿಲವಾಗಿ ಕಟ್ಟಿ, ಟವಲಿನಿಂದ ಕತ್ತಿಗೆ ನೇತುಹಾಕಿದರೆ ತೀರ್ಥಹಳ್ಳಿಯಿಂದ ಶಿವಮೊಗ್ಗದವರೆಗಿನ ಸುಮಾರು 60 ಕಿಲೋಮೀಟರ್ ದಾರಿಯಲ್ಲಿ ನೋವು ಎಷ್ಟೋ ಕಡಿಮೆ. ಬೆರಳು ಆಡುತ್ತಿವೆಯೇ, ಬೆಚ್ಚಗಿವೆಯೇ, ಜೋಮು ಹಿಡಿದಿದೆಯೇ ಎಂದು ದಾರಿಯಲ್ಲಿ ನೋಡುತ್ತಿರಿ.

ಮೊದಲ ಪ್ರಶ್ನೆ: ಯಾವ ಮೂಳೆ?

"ಮೊಣಕೈ ಮುರಿದಿದೆ" ಎಂದರೆ ಏನೂ ಹೇಳಿದಂತಾಗಲಿಲ್ಲ. ಅಲ್ಲಿ ಮೂರು ಮೂಳೆಗಳು ಕೂಡುತ್ತವೆ. ಮೇಲಿನಿಂದ ಬರುವ ತೋಳಿನ ಮೂಳೆಯ ಕೆಳತುದಿ. ಮುಂಗೈಯ ಒಳಬದಿಯ ಮೂಳೆ. ನಾವು ಮೇಜಿನ ಮೇಲೆ ಊರುವ ಗಟ್ಟಿ ತುದಿ ಇದರದೇ. ಹೊರಬದಿಯಲ್ಲಿ, ಅಂಗೈ ತಿರುಗಿಸಿದಾಗ ತಿರುಗುವ ರೇಡಿಯಸ್ ಮೂಳೆಯ ತಲೆ. ಯಾವುದು ಮುರಿದಿದೆ ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ಪಕ್ಕದ ಮನೆಯವರಿಗೆ ಪ್ಲೇಟ್ ಹಾಕಿದ್ದು, ನಿಮ್ಮ ಚಿಕ್ಕಮ್ಮನಿಗೆ ಬರೀ ಜೋಳಿಗೆಯಲ್ಲಿ, ಅಂದರೆ ಕೈಯನ್ನು ಕತ್ತಿಗೆ ನೇತುಹಾಕುವ ಬಟ್ಟೆಯಲ್ಲಿ, ವಾಸಿಯಾದದ್ದು ಎರಡೂ ನಿಜ ಇರಬಹುದು. ಅವು ಬೇರೆ ಬೇರೆ ಮುರಿತಗಳು.

ಆದ್ದರಿಂದ ಎಕ್ಸ್-ರೇಯನ್ನು ಡಾಕ್ಟರ ಮುಂದೆ ಇಟ್ಟುಕೊಂಡು ಮೂರು ವಿಷಯ ಕೇಳಿ. ಯಾವ ಮೂಳೆ? ತುಂಡುಗಳು ಜಾಗ ಬಿಟ್ಟು ಸರಿದಿವೆಯೇ? ಕೀಲು ಜಾಗದಲ್ಲೇ ಗಟ್ಟಿಯಾಗಿ ಕೂತಿದೆಯೇ, ಜಾರಿದೆಯೇ? ಈ ಮೂರಕ್ಕೆ ಉತ್ತರ ಸಿಕ್ಕರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಮೊಣಕೈ ತುದಿಯ ಮೂಳೆ ಮುರಿದಿದ್ದರೆ

ಡಾಕ್ಟರುಗಳು ಇದನ್ನು ಒಲೆಕ್ರೆನಾನ್ ಎನ್ನುತ್ತಾರೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ, ಮೊಣಕೈ ನೆಲಕ್ಕೆ ಬಡಿದಾಗ ಆಗುವುದು ಹೆಚ್ಚಾಗಿ ಇದೇ. ತೋಳಿನ ಹಿಂಭಾಗದ ಟ್ರೈಸೆಪ್ಸ್ ಸ್ನಾಯು ಈ ತುದಿಗೆ ಅಂಟಿಕೊಂಡಿದೆ. ಕೈಯನ್ನು ನೇರ ಮಾಡುವುದು, ತಳ್ಳುವುದು ಅದರ ಕೆಲಸ. ಮೂಳೆ ಮುರಿದಾಗ ಆ ಸ್ನಾಯು ತುಂಡನ್ನು ಮೇಲಕ್ಕೆ ಎಳೆದುಬಿಡುತ್ತದೆ. ಎಕ್ಸ್-ರೇಯಲ್ಲಿ ನಡುವೆ ದೊಡ್ಡ ಸಂದು ಕಾಣುತ್ತದೆ. ಅದನ್ನು ನೋಡಿದ ಯಾರಿಗಾದರೂ ಜೋಡಿಸಲೇಬೇಕು ಎನ್ನಿಸುತ್ತದೆ.

ನಲವತ್ತರ ವಯಸ್ಸಿನವರಾದರೆ ಜೋಡಿಸಲೇಬೇಕು, ಅನುಮಾನವಿಲ್ಲ. ಎಂಬತ್ತರ ಹತ್ತಿರದವರ ಕಥೆ ಬೇರೆ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 75 ವರ್ಷ ಮತ್ತು ಅದಕ್ಕಿಂತ ಹೆಚ್ಚಿನವರನ್ನು ಎರಡು ಗುಂಪು ಮಾಡಿ ನೋಡಿದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಆಪರೇಷನ್, ಇನ್ನೊಂದಕ್ಕೆ ಇಲ್ಲ. 19 ಮಂದಿ ಸೇರುವ ಹೊತ್ತಿಗೇ ಅದನ್ನು ನಿಲ್ಲಿಸಬೇಕಾಯಿತು. ಆಪರೇಷನ್ ಆದ 11 ಮಂದಿಯಲ್ಲಿ 9 ಮಂದಿಗೆ ಒಂದಲ್ಲ ಒಂದು ತೊಡಕು ಬಂದಿತ್ತು. ಒಂದು ವರ್ಷದವರೆಗೆ ನೋಡಿದಾಗ ಕೈಯನ್ನು ಬಳಸುವುದರಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 19 ಮಂದಿ ಎಂದರೆ ಸಣ್ಣ ಲೆಕ್ಕ, ಒಪ್ಪುತ್ತೇನೆ. ಆದರೆ ನಾನು ಕೆಲಸದಲ್ಲಿ ನೋಡುವುದಕ್ಕೂ ಇದಕ್ಕೂ ತಾಳೆಯಾಗುತ್ತದೆ.

ತೊಡಕು ಯಾಕೆ ಬರುತ್ತದೆ? ನಿಮ್ಮ ಮೊಣಕೈ ತುದಿಯನ್ನೇ ಮುಟ್ಟಿ ನೋಡಿ. ಚರ್ಮದ ಕೆಳಗೆ ನೇರ ಮೂಳೆ. ವಯಸ್ಸಾದವರಲ್ಲಿ ಆ ಚರ್ಮ ಇನ್ನೂ ತೆಳು. ಅಲ್ಲಿ ಹಾಕಿದ ತಂತಿ, ಪ್ಲೇಟ್ ಚರ್ಮಕ್ಕೆ ಒತ್ತುತ್ತದೆ. ಗಾಯ ಬೇಗ ಮಾಯುವುದಿಲ್ಲ. ಶುಗರ್ ಇದ್ದರೆ ಕೀವಾಗುವ ಭಯ ಬೇರೆ. ಮೂಳೆ ಟೊಳ್ಳಾಗಿದ್ದರೆ ತಂತಿ ಹಿಡಿತ ಬಿಟ್ಟು ಹೊರಗೆ ಚುಚ್ಚಿಕೊಳ್ಳುತ್ತದೆ. ಅದನ್ನು ತೆಗೆಯಲು ಇನ್ನೊಂದು ಆಪರೇಷನ್.

ಆಪರೇಷನ್ ಬಿಟ್ಟರೆ ಕಳೆದುಕೊಳ್ಳುವುದೇನು? ಸಂದು ದೊಡ್ಡದಿದ್ದರೆ ಮೂಳೆ ಮೂಳೆಗೆ ಕೂಡದೇ ಇರಬಹುದು. ನಡುವೆ ನಾರಿನಂಥ ಗಟ್ಟಿ ಅಂಶ ತುಂಬಿಕೊಳ್ಳುತ್ತದೆ. ಹೆಚ್ಚಿನವರಿಗೆ ಅದು ನೋಯುವುದಿಲ್ಲ. ತಿಂಗಳುಗಟ್ಟಲೆ ಆದಮೇಲೆ ತೆಗೆದ ಎಕ್ಸ್-ರೇಯಲ್ಲಿ ಸಂದು ಹಾಗೇ ಕಂಡರೂ ಅದೇ ಕೈಯಲ್ಲಿ ಅವರು ಕಾಫಿ ಲೋಟ ಹಿಡಿದು ಕೂತಿರುತ್ತಾರೆ. ಕೈ ಕೆಳಗೆ ಬಿಟ್ಟಾಗ ಅದರ ಭಾರಕ್ಕೇ ನೇರವಾಗುತ್ತದೆ. ಕಡಿಮೆಯಾಗುವುದು ತಳ್ಳುವ ಬಲ. ಅಟ್ಟದ ಮೇಲಿನ ಡಬ್ಬಿ ಎತ್ತುವುದು, ನೆಲಕ್ಕೆ ಕೈ ಊರಿ ಮಣೆಯಿಂದ ಏಳುವುದು, ಬಾಗಿಲ ಅಗುಳಿ ದೂಡುವುದು ಮೊದಲಿನ ಹಾಗೆ ಆಗುವುದಿಲ್ಲ.

ಹಾಗಾಗಿ ನಾನು ಕೇಳುವ ಪ್ರಶ್ನೆ ಒಂದೇ: ಇವರು ಎದ್ದು ನಿಲ್ಲುವುದು ಕೈಬಲದಿಂದಲೋ ಕಾಲುಬಲದಿಂದಲೋ? ಮಂಡಿನೋವಿನಿಂದ ಎರಡೂ ಕೈ ಊರಿಯೇ ಏಳುವವರು, ವಾಕರ್ ಹಿಡಿದು ನಡೆಯುವವರು ಈ ಸ್ನಾಯುವಿನ ಮೇಲೆ ಬದುಕುತ್ತಿರುತ್ತಾರೆ. ಅವರ ವಿಷಯದಲ್ಲಿ ಆಪರೇಷನ್ ಬಗ್ಗೆ ಸರ್ಜನ್ ಹತ್ತಿರ ಎರಡು ಸಲ ಮಾತಾಡುವುದು ಒಳ್ಳೆಯದು. ಮನೆಯೊಳಗೆ ಓಡಾಡಿಕೊಂಡು, ಹೂ ಕಟ್ಟಿಕೊಂಡು, ಬಟ್ಟೆ ಮಡಚಿಕೊಂಡು ಇರುವವರಿಗೆ ಆಪರೇಷನ್ ಬೇಡ ಎಂದರೆ ನನಗೆ ಚಿಂತೆಯಾಗುವುದಿಲ್ಲ.

ಚಿಕಿತ್ಸೆಯ ಕ್ರಮ ಸರಳ. ನೋವು ಇಳಿಯುವ ತನಕ, ಅಂದರೆ ಒಂದೆರಡು ವಾರ, ಜೋಳಿಗೆ ಅಥವಾ ಅರ್ಧ ಪಟ್ಟಿ, ಅಂದರೆ ಕೈಯ ಒಂದೇ ಬದಿಗೆ ಇಟ್ಟು ಕಟ್ಟುವ ಪ್ಲಾಸ್ಟರ್. ಆಮೇಲೆ ಮೆಲ್ಲಗೆ ಮಡಚಿ ಬಿಡಿಸುವುದು. ತುಂಡು ಸರಿಯದ ಮುರಿತಕ್ಕೆ ಡಾಕ್ಟರು ಎರಡು ಮೂರು ವಾರ ಪಟ್ಟಿ ಇಡುತ್ತಾರೆ. ಆ ನಡುವೆ, ಒಂದು ವಾರ ಹತ್ತು ದಿನದೊಳಗೆ, ಮತ್ತೊಂದು ಎಕ್ಸ್-ರೇ ತೆಗೆಸುತ್ತಾರೆ. ನೋವಿಲ್ಲ ಎಂದು ಅದನ್ನು ತಪ್ಪಿಸಬೇಡಿ. ತುಂಡು ಜಾರಿದ್ದರೆ ಗೊತ್ತಾಗುವುದು ಅದರಲ್ಲೇ.

ತೋಳಿನ ಮೂಳೆಯ ಕೆಳತುದಿ ಮುರಿದಿದ್ದರೆ

ಮೂರರಲ್ಲಿ ಕಷ್ಟದ್ದು ಇದು. ಮೂಳೆ ಟೊಳ್ಳಾದವರಲ್ಲಿ ಕೆಳತುದಿ ಎರಡು, ಮೂರು, ಕೆಲವೊಮ್ಮೆ ಹಲವು ಚೂರಾಗಿರುತ್ತದೆ. ಕೀಲಿನ ನುಣುಪು ಮೇಲ್ಮೈಯೂ ಒಡೆದಿರುತ್ತದೆ. ಇಲ್ಲಿ ದಾರಿಗಳು ಮೂರು.

ಪ್ಲೇಟ್ ಹಾಕಿ ಜೋಡಿಸುವುದು ಒಂದು. ಸಾಮಾನ್ಯವಾಗಿ ಎರಡು ಪ್ಲೇಟ್ ಬೇಕು, ಮೊದಲು ಸಿಟಿ ಸ್ಕ್ಯಾನ್ ಬೇಕು, ಕಿರುಬೆರಳಿಗೆ ಹೋಗುವ ನರವನ್ನು ಬಿಡಿಸಿ ಕಾಪಾಡಬೇಕು. ಮೂಳೆ ಗಟ್ಟಿ ಇದ್ದು ಚೂರುಗಳು ದೊಡ್ಡವಿದ್ದರೆ ಇದು ಒಳ್ಳೆಯ ಫಲ ಕೊಡುತ್ತದೆ. ಕೈಬಲ ಹೆಚ್ಚು ಉಳಿಯುತ್ತದೆ. ಮೂಳೆ ಮೆದುವಾಗಿದ್ದರೆ ಸ್ಕ್ರೂ ಹಿಡಿಯುವುದಿಲ್ಲ.

ಎರಡನೆಯದು ಕೃತಕ ಕೀಲು, ಅಂದರೆ ಎಲ್ಬೋ ರಿಪ್ಲೇಸ್‌ಮೆಂಟ್. ಮಂಡಿಗೆ ಮಾಡುವ ಹಾಗೆ ಮೊಣಕೈಗೂ ಮಾಡುತ್ತಾರೆ. ಕೆನಡಾದಲ್ಲಿ 65 ದಾಟಿದವರಲ್ಲಿ ಪ್ಲೇಟನ್ನೂ ಕೃತಕ ಕೀಲನ್ನೂ ಹೋಲಿಸಿದ ಅಧ್ಯಯನ 2009ರಲ್ಲಿ ಬಂತು. ಪ್ಲೇಟ್ ಹಾಕಬೇಕೆಂದು ಹೊರಟವರಲ್ಲಿ ಕಾಲುಭಾಗದಷ್ಟು ಮಂದಿಗೆ ಚೂರು ಕೂಡಿಸಲಾಗದೆ ಆಪರೇಷನ್ ಮೇಜಿನ ಮೇಲೆಯೇ ತೀರ್ಮಾನ ಬದಲಿಸಿ ಕೃತಕ ಕೀಲು ಹಾಕಬೇಕಾಯಿತು. ಕೃತಕ ಕೀಲಿನಲ್ಲಿ ಕೈ ಬೇಗ ಆಡುತ್ತದೆ, ನೋವು ಬೇಗ ಹೋಗುತ್ತದೆ. ಆದರೆ ಜೀವಮಾನವಿಡೀ ಆ ಕೈಯಲ್ಲಿ ಭಾರ ಎತ್ತುವಂತಿಲ್ಲ. ಐದು ಕಿಲೋ ಅಕ್ಕಿ ಚೀಲವನ್ನೇ ಹೆಚ್ಚಿನ ಸರ್ಜನ್‌ಗಳು ಬೇಡ ಎನ್ನುತ್ತಾರೆ. ತುಂಬಿದ ಕೊಡಪಾನದ ಮಾತೇ ಇಲ್ಲ. ಕೀವಾದರೆ ಸರಿಪಡಿಸುವುದು ಬಹಳ ಕಷ್ಟ. ಇದನ್ನು ಪದೇ ಪದೇ ಮಾಡಿ ಕೈ ಪಳಗಿದವರ ಹತ್ತಿರವೇ ಮಾಡಿಸಬೇಕು. ಅದಕ್ಕೆ ಮಣಿಪಾಲಕ್ಕೋ ಮಂಗಳೂರಿಗೋ ಬೆಂಗಳೂರಿಗೋ ಹೋಗಬೇಕಾಗಬಹುದು. ನಿಮ್ಮ ಸರ್ಜನ್ ವರ್ಷಕ್ಕೆ ಎಷ್ಟು ಮೊಣಕೈ ಕೀಲು ಹಾಕುತ್ತಾರೆ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಮೂರನೆಯದು ಆಪರೇಷನ್ ಇಲ್ಲದ ದಾರಿ. ಇದು ಹಳೆಯದು. 1937ರಲ್ಲೇ ಇದರ ವಿವರಣೆ ವೈದ್ಯಕೀಯ ಬರಹಗಳಲ್ಲಿ ಬಂದಿದೆ. 'ಬ್ಯಾಗ್ ಆಫ್ ಬೋನ್ಸ್', ಅಂದರೆ ಮೂಳೆಗಳ ಚೀಲ, ಎಂದು ಡಾಕ್ಟರುಗಳು ಇವತ್ತಿಗೂ ಕರೆಯುತ್ತಾರೆ. ಕೈಯನ್ನು ಮಡಚಿ ಕತ್ತಿಗೆ ಕಟ್ಟುತ್ತಾರೆ. ಊತ ಇಳಿದ ಮೇಲೆ ಎರಡು ಮೂರು ವಾರದೊಳಗೆ ನೋವು ತಡೆಯುವಷ್ಟು ಆಡಿಸಲು ಶುರು ಮಾಡುತ್ತಾರೆ. ಚೂರುಗಳು ಪೂರ್ತಿ ಹೊಂದಿಕೊಳ್ಳದಿದ್ದರೂ ಕೈ ಬಾಯಿಗೆ ಹೋಗುವಷ್ಟು ಮಡಚುತ್ತದೆ.

ಇದರಲ್ಲಿ ಮೊದಲ ವಾರಗಳು ಬಹಳ ನೋವಿನವು. ಮಂಚದಲ್ಲಿ ಅಂಗಾತ ಮಲಗಲು ಆಗುವುದಿಲ್ಲ. ಆರಾಮ ಕುರ್ಚಿಯಲ್ಲಿ, ಬೆನ್ನಿಗೆ ದಿಂಬು ಕೊಟ್ಟು ಅರೆ ಕೂತು ಮಲಗಿಸಬೇಕು. ಆಡಿಸುವಾಗ ಒಳಗೆ ಕಟಕಟ ಎನ್ನುತ್ತದೆ, ಅದಕ್ಕೆ ಹೆದರಿ ಬಿಡುವವರು ಜಾಸ್ತಿ. ಮೂಳೆ ಕೂಡದೆ ಕೈ ಸಡಿಲವಾಗಿ ಉಳಿಯುವ ಸಾಧ್ಯತೆ ಇಲ್ಲಿ ಹೆಚ್ಚು. ಇಷ್ಟಾದರೂ ಹೃದಯ ದುರ್ಬಲ ಇರುವವರು, ಮರೆವಿನ ಕಾಯಿಲೆ ಇರುವವರು, ಮೊದಲೇ ಆ ಕೈಯಲ್ಲಿ ಲಕ್ವ ಹೊಡೆದು ಬಳಕೆ ಕಡಿಮೆ ಇದ್ದವರು, ಹೆಚ್ಚು ಹೊತ್ತು ಮಲಗಿಯೇ ಇರುವವರು ಇವರಿಗೆ ಇದೇ ಸರಿಯಾದದ್ದು. ಇನ್ನೊಂದು ಅನುಕೂಲವೂ ಇದೆ. ಇದು ಸರಿ ಹೋಗದೇ ಇದ್ದರೆ ಕೃತಕ ಕೀಲನ್ನು ಆಮೇಲೂ ಹಾಕಬಹುದು. ಬಾಗಿಲು ಮುಚ್ಚಿ ಹೋಗುವುದಿಲ್ಲ. ಪ್ಲೇಟ್ ಹಾಕಬೇಕಾದರೆ ಮಾತ್ರ ಮೊದಲ ಒಂದೆರಡು ವಾರದಲ್ಲೇ ಹಾಕಿಸುವುದು ಒಳ್ಳೆಯದು.

ತಾನೇ ಅಡುಗೆ ಮಾಡಿಕೊಂಡು, ತೋಟಕ್ಕೆ ಹೋಗಿ ಬಂದು, ಅಡಿಕೆ ಕೊಯ್ಲಿನಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುವ ಎಪ್ಪತ್ತರ ಹೆಂಗಸಿಗೆ ಈ ಮೂಳೆ ಮುರಿದರೆ, ನಾನು ಆಪರೇಷನ್ ಪರವಾಗಿ ಮಾತಾಡುತ್ತೇನೆ. ವಯಸ್ಸಿನ ಸಂಖ್ಯೆ ನೋಡಿ ಬೇಡ ಎನ್ನಬಾರದು. ಇಡೀ ಮೈ ಮರಗಟ್ಟಿಸದೆ ತೋಳಿಗಷ್ಟೇ ಅರಿವಳಿಕೆ ಕೊಟ್ಟು ಆಪರೇಷನ್ ಮಾಡುವುದೂ ಇದೆ. "ಈ ವಯಸ್ಸಿಗೆ ಅನಸ್ತೇಷಿಯಾ ತಡೆಯುತ್ತದಾ" ಎಂಬ ಭಯ ಇದ್ದರೆ ಅರಿವಳಿಕೆ ಡಾಕ್ಟರ ಹತ್ತಿರವೇ ಕೂತು ಕೇಳಿ.

ರೇಡಿಯಸ್ ಮೂಳೆಯ ತಲೆಗೆ ಬಿರುಕು

ಅಂಗೈ ಊರಿ ಬಿದ್ದಾಗ ಆಗುವುದು. ಹೆಚ್ಚಿನವು ಸಣ್ಣ ಬಿರುಕುಗಳು. ಕೆಲವು ದಿನ, ಹೆಚ್ಚೆಂದರೆ ವಾರ, ಜೋಳಿಗೆ ಸಾಕು. ಪಟ್ಟಿ ಬೇಡವೇ ಬೇಡ. ಬೇಗ ಆಡಿಸಬೇಕು, ಮುಖ್ಯವಾಗಿ ಅಂಗೈ ಮೇಲೆ ಕೆಳಗೆ ತಿರುಗಿಸಬೇಕು. ತಿರುಗಿಸುವಾಗ ನಡುವೆ ಎಲ್ಲೋ ಗಟ್ಟಿಯಾಗಿ ತಡೆದು ನಿಂತರೆ ಡಾಕ್ಟರಿಗೆ ಹೇಳಿ, ತುಂಡು ಅಡ್ಡ ಸಿಕ್ಕಿರಬಹುದು.

ಆಪರೇಷನ್ ಬೇಡ ಎನ್ನಲೇಬಾರದ ಸಂದರ್ಭ

ಮೂಳೆ ಚರ್ಮ ಹರಿದು ಹೊರಗೆ ಬಂದಿದ್ದರೆ, ಗಾಯ ಎಷ್ಟೇ ಸಣ್ಣದಿರಲಿ. ಕೀಲು ಜಾರಿ, ಕೂರಿಸಿದರೂ ಮತ್ತೆ ಜಾರುತ್ತಿದ್ದರೆ. ಕೈ ತಣ್ಣಗಾಗಿ ಬಿಳಿಚಿಕೊಂಡು ನಾಡಿ ಸಿಗದಿದ್ದರೆ. ಒಳಗಿನ ಮೂಳೆ ಚರ್ಮವನ್ನು ತಳ್ಳಿ, ಅದು ಬಿಳಿಚಿ ಹರಿಯುವಂತಿದ್ದರೆ. ಇವುಗಳಲ್ಲಿ ಯೋಚಿಸುತ್ತ ಕೂರುವ ಸಮಯವಿಲ್ಲ. ಮಣಿಕಟ್ಟು ಮೇಲೆತ್ತಲು ಆಗದಿದ್ದರೆ, ಕಿರುಬೆರಳು ಉಂಗುರಬೆರಳು ಜೋಮು ಹಿಡಿದಿದ್ದರೆ ನರಕ್ಕೆ ಪೆಟ್ಟಾಗಿರಬಹುದು. ಪಟ್ಟಿ ಹಾಕುವ ಮೊದಲೇ ಅದನ್ನು ಡಾಕ್ಟರಿಗೆ ಹೇಳಿ ಚೀಟಿಯಲ್ಲಿ ಬರೆಸಿ.

ಬಲಗೈಯೋ ಎಡಗೈಯೋ?

ಈ ಪ್ರಶ್ನೆಯನ್ನು ನಮ್ಮಲ್ಲಿ ಇನ್ನಷ್ಟು ಗಂಭೀರವಾಗಿ ಕೇಳಬೇಕು. ದಿನದ ಹೆಚ್ಚಿನ ಕೆಲಸಕ್ಕೆ ಮೊಣಕೈ 30 ಡಿಗ್ರಿಯಿಂದ 130 ಡಿಗ್ರಿವರೆಗೆ ಆಡಿದರೆ ಸಾಕು ಎಂಬ ಲೆಕ್ಕ 1981ರಿಂದ ಬಳಕೆಯಲ್ಲಿದೆ. ಪೂರ್ತಿ ನೇರವಾಗದಿದ್ದರೂ, ಹೆಗಲು ಮುಟ್ಟದಿದ್ದರೂ ಬದುಕು ನಡೆಯುತ್ತದೆ. ಆದರೆ ನಾವು ಚಮಚದಲ್ಲಿ ತಿನ್ನುವವರಲ್ಲ. ಬಲಗೈ ತುತ್ತು ಬಾಯಿಗೆ ಹೋಗಬೇಕಾದರೆ ಚೆನ್ನಾಗಿ ಮಡಚಬೇಕು. ತೀರ್ಥಕ್ಕೆ ಕೈ ಒಡ್ಡಬೇಕಾದರೆ ಅಂಗೈ ಮೇಲಕ್ಕೆ ತಿರುಗಬೇಕು. ಎಡಗೈ ಮುರಿದವರಿಗೆ ಶೌಚದ ಕಷ್ಟ. ಹಿಂದಕ್ಕೆ ಚಾಚಲು ಕೈ ಸಾಕಷ್ಟು ನೇರವಾಗಬೇಕು. ಯಾರ ಹತ್ತಿರವೂ ಹೇಳಲಾಗದೆ ಊಟವನ್ನೇ ಕಡಿಮೆ ಮಾಡುವ ಹಿರಿಯರನ್ನು ನಾನು ನೋಡಿದ್ದೇನೆ. ನೀವಾಗಿಯೇ ಕೇಳಿ. ಕಮೋಡ್ ಕುರ್ಚಿ, ಕೈಯಲ್ಲಿ ಹಿಡಿಯುವ ನೀರಿನ ಪೈಪು ಇದ್ದರೆ ಅವರ ಮರ್ಯಾದೆ ಉಳಿಯುತ್ತದೆ.

ಬಲಗೈ ಮುರಿದರೆ ಮಡಚುವ ವ್ಯಾಯಾಮಕ್ಕೆ ಹೆಚ್ಚು ಗಮನ, ಎಡಗೈ ಮುರಿದರೆ ನೇರ ಮಾಡುವುದಕ್ಕೆ. ಎಡಚರಾದರೆ ಅವರ ರೂಢಿ ಕೇಳಿ ಹೊಂದಿಸಿ. ಊರುಗೋಲು ಯಾವ ಕೈಯಲ್ಲಿ ಹಿಡಿಯುತ್ತಾರೆ ಎಂದೂ ಡಾಕ್ಟರಿಗೆ ಹೇಳಿ.

ಪಟ್ಟಿ, ಜೋಳಿಗೆ, ಬೆಲ್ಟು

ಆಪರೇಷನ್ ಬೇಡ ಎಂದಾದ ಮೇಲೆ ಇವುಗಳಲ್ಲಿ ಯಾವುದು ಎನ್ನುವುದು ಎರಡನೇ ಪ್ರಶ್ನೆ. ಸಿಮೆಂಟ್ ಪಟ್ಟಿ ನೋವನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಮೈಯಲ್ಲಿರುವ ಕೀಲುಗಳಲ್ಲಿ ಬೇಗ ಮರಗಟ್ಟುವುದರಲ್ಲಿ ಮೊಣಕೈ ಮುಂದು. ಮೂರು ವಾರಕ್ಕಿಂತ ಹೆಚ್ಚು ಪಟ್ಟಿಯಲ್ಲಿಟ್ಟ ಮೊಣಕೈಯನ್ನು ಬಿಡಿಸುವುದು ನಮಗೂ ಕಷ್ಟ, ಅವರಿಗೂ ಹಿಂಸೆ. "ಇನ್ನೊಂದು ಎರಡು ವಾರ ಇರಲಿ, ಗಟ್ಟಿಯಾಗಲಿ" ಎಂದು ಮನೆಯವರೇ ಕೇಳಿಕೊಳ್ಳುವುದುಂಟು. ದಯವಿಟ್ಟು ಬೇಡ.

ಮಲೆನಾಡಿನ ಮಳೆಗಾಲದಲ್ಲಿ ಪಟ್ಟಿಗೆ ಇನ್ನೊಂದು ತೊಂದರೆ. ಒಳಗಿನ ಹತ್ತಿ ಒಮ್ಮೆ ನೆನೆದರೆ ಆಗುಂಬೆ, ಹೊಸನಗರ ಕಡೆಯ ಜೂನ್ ಜುಲೈನಲ್ಲಿ ಒಣಗುವುದೇ ಇಲ್ಲ. ಚರ್ಮ ಕೊಳೆತು ತುರಿಕೆ, ಹುಣ್ಣು. ತೆಗೆದು ಹಾಕಬಹುದಾದ ಅರ್ಧ ಪಟ್ಟಿ ಮತ್ತು ಕ್ರೇಪ್ ಬ್ಯಾಂಡೇಜ್, ಇಲ್ಲವೇ ಮೆಡಿಕಲ್ ಶಾಪಿನಲ್ಲಿ ಸಿಗುವ ಆರ್ಮ್ ಪೌಚ್ ಇದಕ್ಕೆ ವಾಸಿ. ಕಂಕುಳು, ಮೊಣಕೈ ಮಡಿಕೆಯನ್ನು ದಿನಾ ಒರೆಸಿ, ಒಣ ಹತ್ತಿ ಬಟ್ಟೆ ಇಡಿ. ಒಲೆಯ ಮುಂದೆ ಕೂತು ಪಟ್ಟಿ ಒಣಗಿಸಲು ಹೋಗಬೇಡಿ, ಚರ್ಮಕ್ಕೆ ಬಿಸಿ ತಾಗಿದ್ದು ಗೊತ್ತಾಗುವುದಿಲ್ಲ. ಕೀಲು ಇರುವ ಬೆಲ್ಟು, ಅಂದರೆ ಹಿಂಜ್ ಬ್ರೇಸ್, ತೋಳಿನ ಮೂಳೆಯ ಕೆಳತುದಿ ಮುರಿದು ಕೈ ಪಕ್ಕಕ್ಕೆ ಅಲುಗಾಡುವವರಿಗೆ ಉಪಯೋಗ. ಉಳಿದವರಿಗೆ ಬೇಕಿಲ್ಲ, ಬೆಲೆಯೂ ಹೆಚ್ಚು.

ನಾಟಿ ಕಟ್ಟು

ಮೂಳೆ ಕಟ್ಟುವವರ ಮೇಲೆ ನಮ್ಮ ಊರುಗಳಲ್ಲಿ ನಂಬಿಕೆ ಇದೆ. ಆ ಮನೆಗಳಿಗೆ ತಲೆಮಾರಿನ ಅನುಭವವೂ ಇದೆ. ಆದರೆ ಮೊಣಕೈ ವಿಷಯದಲ್ಲಿ ನಾನು ಗಟ್ಟಿಯಾಗಿ ಬೇಡ ಎನ್ನುತ್ತೇನೆ. ಬಿದಿರ ಕಡ್ಡಿ ಇಟ್ಟು ಬಿಗಿದ ಕಟ್ಟಿನ ಒಳಗೆ ಊತ ಏರಿದರೆ ರಕ್ತದ ಓಡಾಟ ನಿಂತು ಮುಂಗೈಯ ಸ್ನಾಯುಗಳು ಸತ್ತುಹೋಗಬಹುದು. ಎಣ್ಣೆ ಹಚ್ಚಿ ತಿಕ್ಕಿ ಎಳೆದರೆ ಸ್ನಾಯುವಿನೊಳಗೇ ಮೂಳೆ ಬೆಳೆದು ಕೀಲು ಶಾಶ್ವತವಾಗಿ ಸಿಕ್ಕಿಕೊಳ್ಳಬಹುದು. ಎಷ್ಟು ಬೇಡಿದರೂ ಹಿರಿಯರು ಹೋಗಿಯೇ ಹೋಗುತ್ತಾರೆ ಎಂದಾದರೆ ಮೊದಲು ಎಕ್ಸ್-ರೇ ಆಗಲಿ, ಕಟ್ಟು ಸಡಿಲ ಇರಲಿ, ತಿಕ್ಕುವುದು ಬೇಡ. ಆಸ್ಪತ್ರೆಯ ಪಟ್ಟಿಯಾಗಲಿ ನಾಟಿ ಕಟ್ಟಾಗಲಿ, ಮಾತ್ರೆಗೂ ಬಗ್ಗದ ನೋವು ಬಂದರೆ, ಬೆರಳನ್ನು ನೇರ ಮಾಡಿದಾಗ ಪ್ರಾಣ ಹೋಗುವಂತೆ ನೋಯುತ್ತಿದ್ದರೆ, ರಾತ್ರಿಯೇ ಆಗಿರಲಿ, ಕಟ್ಟು ಬಿಚ್ಚಿ 108ಕ್ಕೆ ಫೋನ್ ಮಾಡಿ.

ಮನೆಯಲ್ಲಿ ಮಾಡಬೇಕಾದ ಕೆಲಸ

ಮೊದಲ ದಿನದಿಂದಲೇ ಬೆರಳು ಮುಷ್ಟಿ ಹಿಡಿದು ಬಿಡಿಸುವುದು, ಮಣಿಕಟ್ಟು ಆಡಿಸುವುದು, ಡಾಕ್ಟರು ಒಪ್ಪಿದರೆ ಹೆಗಲು ತಿರುಗಿಸುವುದು. ಮೊಣಕೈ ಉಳಿಸಿಕೊಳ್ಳಲು ಹೋಗಿ ಹೆಗಲು ಮರಗಟ್ಟಿಸಿಕೊಂಡವರು ಬಹಳ. ಕೈಯನ್ನು ದಿಂಬಿನ ಮೇಲೆ ಎದೆಯ ಮಟ್ಟಕ್ಕಿಂತ ಎತ್ತರ ಇಡಿ.

ಮೊಣಕೈ ಆಡಿಸಬಹುದು ಎಂದು ಡಾಕ್ಟರು ಹೇಳಿದ ಮೇಲೆ, ಇನ್ನೊಂದು ಕೈಯ ಸಹಾಯದಿಂದ ಅವರೇ ಆಡಿಸಬೇಕು. ನೀವು ಹಿಡಿದು ಬಗ್ಗಿಸಬಾರದು. ಪ್ರೀತಿಯಿಂದಲೇ ಮಾಡಿದರೂ ಬಲವಂತ ಬಲವಂತವೇ, ಕೀಲು ಊದಿ ಇನ್ನೂ ಬಿಗಿಯುತ್ತದೆ. ಒಂದೇ ಸಲ ಅರ್ಧ ಗಂಟೆ ಮಾಡುವ ಬದಲು ತಿಂಡಿ, ಊಟ, ಕಾಫಿ, ದೀಪ ಹಚ್ಚುವ ಹೊತ್ತು ಹೀಗೆ ಐದೈದು ನಿಮಿಷ. ಮೇಜಿನ ಮೇಲೆ ಮುಂಗೈ ಇಟ್ಟು ಮಡಚುವುದು, ಬಿಡಿಸುವುದು. ಮೊಣಕೈಯನ್ನು ಪಕ್ಕೆಗೆ ಒತ್ತಿ ಅಂಗೈ ತಿರುಗಿಸುವುದು. ಒಲೆಕ್ರೆನಾನ್ ಮುರಿದವರು ಮೊದಲ ಆರರಿಂದ ಎಂಟು ವಾರ ಆ ಕೈಯಿಂದ ಏನನ್ನೂ ತಳ್ಳಬಾರದು, ಕೈ ಊರಿ ಏಳಬಾರದು. ಮಣೆ ಬಿಟ್ಟು ಎತ್ತರದ ಕುರ್ಚಿಯಲ್ಲಿ ಊಟ ಹಾಕಿ. ಕಾಯಿ ತುರಿಯುವುದು, ಬಟ್ಟೆ ಹಿಂಡುವುದು, ನೀರು ಸೇದುವುದು ಮೂರು ತಿಂಗಳು ಬೇರೆಯವರ ಪಾಲಿಗಿರಲಿ.

ನೋವಿನ ಮಾತ್ರೆಗೆ ನಾಚಿಕೆ ಬೇಡ. ನೋವಿದ್ದರೆ ಅವರು ಆಡಿಸುವುದೇ ಇಲ್ಲ. ಪ್ಯಾರಾಸಿಟಮಾಲ್ ಡಾಕ್ಟರು ಹೇಳಿದ ಲೆಕ್ಕದಲ್ಲಿ ಸರಿ. ಉಳಿದ ನೋವಿನ ಮಾತ್ರೆಗಳನ್ನು ಅಂಗಡಿಯಿಂದ ನೀವೇ ತಂದು ಕೊಡಬೇಡಿ. ಬಿಪಿ, ಕಿಡ್ನಿ, ಹೊಟ್ಟೆ ಮೂರಕ್ಕೂ ಅವು ತೊಂದರೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಾದರೆ ಮೊದಲ ದಿನವೇ ಹೇಳಿ.

ಓಡಾಟ ಮತ್ತು ದುಡ್ಡು

ಆಪರೇಷನ್ ಇಲ್ಲದ ದಾರಿ ಅಗ್ಗ ಎಂದು ಎಲ್ಲರೂ ತಿಳಿಯುತ್ತಾರೆ. ಆಸ್ಪತ್ರೆ ಬಿಲ್ಲಿನಲ್ಲಿ ಅದು ನಿಜ. ಆದರೆ ಎಕ್ಸ್-ರೇಗೆ, ಪಟ್ಟಿ ಬಿಚ್ಚಿಸಲು, ಫಿಸಿಯೋಗೆ ಎಂದು ಹಲವು ಸಲ ಓಡಾಡಬೇಕು. ಸೊರಬದ ಒಳಹಳ್ಳಿಯಿಂದ ಪ್ರತಿ ಸಲ ಬಾಡಿಗೆ ಕಾರು ಮಾಡಿ ಬಂದರೆ ಅದೇ ದೊಡ್ಡ ಖರ್ಚು. ಮೊದಲ ತೀರ್ಮಾನವನ್ನು ಶಿವಮೊಗ್ಗದ ಮೆಗ್ಗಾನ್‌ನಂಥ ದೊಡ್ಡ ಆಸ್ಪತ್ರೆಯಲ್ಲಿ ಮಾಡಿಸಿಕೊಂಡು, ನಡುವಿನ ಎಕ್ಸ್-ರೇಯನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆಸಬಹುದೇ ಎಂದು ಕೇಳಿ. ವ್ಯಾಯಾಮವನ್ನು ಒಂದು ಸಲ ಸರಿಯಾಗಿ ಕಲಿತು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಹೋಗಿ. ನಾನು ಎಲ್ಲರಿಗೂ ಹಾಗೇ ಮಾಡಲು ಹೇಳುತ್ತೇನೆ.

ಆಪರೇಷನ್ ಆಗಬೇಕಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿ. ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರದ ಬಗ್ಗೆ ವಿಚಾರಿಸಿ. ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ.

ಮುಂದಿನ ಬೀಳುವಿಕೆ

ನಿಂತಲ್ಲಿಂದ ಬಿದ್ದಷ್ಟಕ್ಕೇ ಮೊಣಕೈ ಮುರಿದಿದೆ ಎಂದರೆ ಮೂಳೆ ಸವೆದಿದೆ ಎಂದೇ ಅರ್ಥ. ಕೈಗೆ ಏನೇ ಚಿಕಿತ್ಸೆ ಮಾಡಿ, ಇದನ್ನು ಬಿಟ್ಟರೆ ಮುಂದೆ ಮುರಿಯುವುದು ಸೊಂಟದ ಮೂಳೆ. ಮೂಳೆ ಸಾಂದ್ರತೆ ಪರೀಕ್ಷೆ, ವಿಟಮಿನ್ ಡಿ ಪರೀಕ್ಷೆ ಬೇಕೇ ಎಂದು ಕೇಳಿ. ಮೂಳೆ ಗಟ್ಟಿ ಮಾಡುವ, ವಾರಕ್ಕೊಮ್ಮೆ ನುಂಗುವ ಮಾತ್ರೆಗಳಿವೆ. ರಾಗಿ ಒಳ್ಳೆಯದು, 100 ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ಸವೆದ ಮೂಳೆಗೆ ಗಂಜಿಯೊಂದೇ ಸಾಲದು. ಕಣ್ಣಿನ ಪೊರೆ ನೋಡಿಸಿ. ಬಚ್ಚಲುಮನೆಗೆ ಹಿಡಿಕೆ ಹಾಕಿಸಿ, ರಾತ್ರಿ ಲೈಟು ಬಿಡಿ. ಅಂಗಳದ ಪಾಚಿಗೆ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ, ಓಡಾಡುವ ದಾರಿಗೆ ಅಡಿಕೆ ದಬ್ಬೆ ಹಾಕಿದ್ದರೆ ಅದರ ಮೇಲೂ ಪಾಚಿ ಬಂದಿದೆಯೇ ನೋಡಿ.

ತೀರ್ಮಾನ ಬದಲಿಸಬೇಕಾದಾಗ

ಆಪರೇಷನ್ ಬೇಡ ಎಂದು ಹೊರಟ ಮೇಲೂ ಮರಳಿ ಕೇಳುವ ಹಕ್ಕು ನಿಮಗಿದೆ. ಮೊದಲ ಎರಡು ವಾರದ ಎಕ್ಸ್-ರೇಯಲ್ಲಿ ತುಂಡು ಸರಿದಿದ್ದು ಕಂಡರೆ ಆಗಲೇ ಮತ್ತೆ ಮಾತಾಡಿ. ಆರು ವಾರ ಆದರೂ ನೋವು ಇಳಿಯುವ ದಾರಿ ಕಾಣದಿದ್ದರೆ, ಕಿರುಬೆರಳಿನ ಜೋಮು ಹೆಚ್ಚುತ್ತ ಹೋದರೆ, ಕೈ ಎತ್ತಿದಾಗ ಮೊಣಕೈಯೇ ಕಳಚಿದಂತೆ ಅಲುಗಾಡಿದರೆ ಸರ್ಜನ್ ಹತ್ತಿರ ಹೋಗಿ. ಎಕ್ಸ್-ರೇಯಲ್ಲಿ ಸಂದು ಉಳಿದಿದೆ ಎಂಬ ಒಂದೇ ಕಾರಣಕ್ಕೆ ಯಾರಾದರೂ ಹೆದರಿಸಿದರೆ, "ಅಮ್ಮ ತಾವೇ ಊಟ ಮಾಡುತ್ತಾರೆ, ತಲೆ ಬಾಚಿಕೊಳ್ಳುತ್ತಾರೆ, ನೋವಿಲ್ಲ" ಎಂದು ಹೇಳಿ, ಆಪರೇಷನ್ನಿನಿಂದ ಇನ್ನೇನು ಹೆಚ್ಚು ಸಿಗುತ್ತದೆ ಎಂದು ಕೇಳಿ. ಆ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗುವ ತನಕ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಅವಸರ ಬೇಡ.